ಜಪಾನ್ ಕೇಂದ್ರದ ಏಳನೇ ವಿದ್ಯಾರ್ಥಿನಿ

ನಮ್ಮ ವಿಶ್ವವಿದ್ಯಾಲಯದ ಜಪಾನ್ ಅಧ್ಯಯನ ಕೇಂದ್ರ ಒಂದು ಸುತ್ತೋಲೆಯಿಂದ ಹುಟ್ಟಿದ ಕೂಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೇಂದ್ರದ ಬೆಳ್ಳಿಹಬ್ಬದ ಪುಸ್ತಕದಲ್ಲಿ ಬೇರೆಯೇ ಬರೆದಿದೆ. ಪೂರ್ವದ ಬೆಳಕು, ಎರಡು ಸಂಸ್ಕೃತಿಗಳ ತವಕ ಎಂದೆಲ್ಲ ಅದರಲ್ಲಿದೆ. ಆ ಪುಸ್ತಕದ ಕರಡು ತಿದ್ದಿದವನು ನಾನೇ. ತಿದ್ದುವಾಗ ನಗು ತಡೆಯಲಾರದೆ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇನ್ನೂರು ಪುಟದ ಆ ಪುಸ್ತಕದಲ್ಲಿ ಟೈಪಿಸ್ಟ್ ಅಕ್ಕನ ಬಗ್ಗೆ ಒಂದು ಸಾಲೂ ಇಲ್ಲ. ಇಪ್ಪತ್ತು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತ ಗ್ರಂಥಪಾಲಕ ನಾನು. ನಾನು ಬರೆಯದಿದ್ದರೆ ಇನ್ನು ಯಾರೂ ಬರೆಯುವುದಿಲ್ಲ.

ಆ ಸುತ್ತೋಲೆ ಆರು ವಾರ ನೋಟಿಸ್ ಬೋರ್ಡಿನಲ್ಲಿ ನೇತಾಡುತ್ತಿತ್ತು. ಜಪಾನಿನ ಭಾಷೆ, ಇತಿಹಾಸ ಕಲಿಸುವ ವಿಶ್ವವಿದ್ಯಾಲಯಗಳಿಗೆ ಅಲ್ಲಿನ ಒಂದು ಪ್ರತಿಷ್ಠಾನ ಅನುದಾನ ಕೊಡುತ್ತದೆ, ಅಲ್ಲಿಯ ಅಧ್ಯಾಪಕರನ್ನು ಇಲ್ಲಿಗೆ ಕಳಿಸುತ್ತದೆ, ಇಲ್ಲಿಯವರನ್ನು ಅಲ್ಲಿಗೆ ಕರೆಸಿಕೊಳ್ಳುತ್ತದೆ ಎಂದು ಅದರಲ್ಲಿತ್ತು. ಈ ಕೊನೆಯ ಮಾತು ನಮ್ಮ ನಿರ್ದೇಶಕರ ಕಣ್ಣಿಗೆ ಬಿತ್ತು. ಆಗ ಅವರಿನ್ನೂ ನಿರ್ದೇಶಕರಾಗಿರಲಿಲ್ಲ. ಹಳೆಯ ಕಾಲದ ಸುಂಕದ ಪದ್ಧತಿಯ ಬಗ್ಗೆ ಹದಿನೆಂಟು ವರ್ಷದಿಂದ ಒಂದೇ ಟಿಪ್ಪಣಿ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಸೋಮವಾರ ಸುಂಕದ ಪಂಡಿತರಾಗಿದ್ದವರು ಶನಿವಾರದ ಹೊತ್ತಿಗೆ ಜಪಾನ್ ಪಂಡಿತರಾಗಿದ್ದರು. ಅರ್ಜಿಯಲ್ಲಿ ಹನ್ನೊಂದು ಕಡೆ 'ಸೇತುವೆ' ಎಂಬ ಪದ ಬಳಸಿದ್ದರು: ಸಂಸ್ಕೃತಿಗಳ ನಡುವೆ ಸೇತುವೆ, ಜ್ಞಾನದ ಸೇತುವೆ, ಸ್ನೇಹದ ಸೇತುವೆ. ಅಂದಿನಿಂದ ಬೆನ್ನ ಹಿಂದೆ ನಾವೆಲ್ಲ ಅವರನ್ನು ಸೇತುವೆ ಸರ್ ಎಂದೇ ಕರೆಯುತ್ತಿದ್ದದ್ದು.

ಅರ್ಜಿಗೊಂದು ಷರತ್ತಿತ್ತು. ಕಡಿಮೆಯೆಂದರೂ ಹತ್ತು ವಿದ್ಯಾರ್ಥಿಗಳು ಹೆಸರು ನೋಂದಾಯಿಸಿರಬೇಕು. ಪ್ರಕಟಣೆ ಕೊಟ್ಟದ್ದಕ್ಕೆ ಬಂದವರು ಮೂವರು. ಅವರಲ್ಲೊಬ್ಬ, "ಜಪಾನಿ ಬೈಕ್ ರಿಪೇರಿ ಕಲಿಸ್ತೀರಾ?" ಎಂದು ವಿಚಾರಿಸಿಕೊಂಡು ಹೊರಟುಹೋದ. ಉಳಿದವರು ಇಬ್ಬರು. ಸೇತುವೆ ಸರ್ ತಲೆ ಕೆಡಿಸಿಕೊಳ್ಳಲಿಲ್ಲ. ಟೈಪಿಸ್ಟ್ ಅಕ್ಕನನ್ನು ಕರೆದು ಪಟ್ಟಿ ಹೇಳಿ ಬರೆಸಿದರು. ಕಾರಿನ ಚಾಲಕ, ತೋಟದ ಮಾಲಿ, ಜವಾನ, ಕ್ಯಾಂಟೀನ್ ನಡೆಸುವವನ ತಮ್ಮ, ಹೀಗೆ ಸಾಗಿತು. ಏಳನೆಯದಾಗಿ, "ನಿನ್ನ ಹೆಸರೂ ಹಾಕ್ಕೋಮ್ಮ" ಎಂದರು. ಒಂಬತ್ತನೆಯವನು ನಾನು. ಅಕ್ಕ ತಮ್ಮ ಹೆಸರನ್ನು ತಾವೇ ಟೈಪ್ ಮಾಡಿಕೊಂಡರು. ಹಾಗಾಗಿ ಪ್ರವೇಶ ಪರೀಕ್ಷೆಯಿಲ್ಲದೆ, ಕೇಳದೆ, ಬೇಡದೆ ಅವರು ಜಪಾನಿ ಭಾಷೆಯ ವಿದ್ಯಾರ್ಥಿನಿಯಾದರು.

ಆಗ ಅಕ್ಕನಿಗೆ ಮೂವತ್ತೈದು ಇರಬಹುದು. ಗಂಡನದು ಮೋಟಾರು ವೈಂಡಿಂಗ್ ಅಂಗಡಿ. ಮನೆಯಲ್ಲಿ ಅತ್ತೆ, ಶಾಲೆಗೆ ಹೋಗುವ ಒಬ್ಬಳು ಮಗಳು. ಎರಡು ಕೋಣೆಯ ಮನೆ, ಒಂದರಲ್ಲಿ ಅರ್ಧಕ್ಕೆ ಸುಟ್ಟ ಮೋಟಾರುಗಳು. ಓದಬೇಕೆಂದು ಆಸೆಯಿದ್ದರೂ ಪಿಯುಸಿ ಮುಗಿದ ತಕ್ಷಣ ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದವರು. ಕೀಲಿಗಳ ಮೇಲೆ ಬೆರಳು ಓಡಿಸುವುದರಲ್ಲಿ ಎತ್ತಿದ ಕೈ. ಪ್ರೊಫೆಸರುಗಳ ಪ್ರಬಂಧದಲ್ಲಿ ತಪ್ಪಿದ್ದರೆ ಟೈಪ್ ಮಾಡುವಾಗಲೇ ಸದ್ದಿಲ್ಲದೆ ತಿದ್ದಿಬಿಡುತ್ತಿದ್ದರು. ಪ್ರೊಫೆಸರುಗಳಿಗೆ ಅದು ಗೊತ್ತಾಗುತ್ತಿರಲಿಲ್ಲ, ಏಕೆಂದರೆ ತಾವು ಬರೆದದ್ದನ್ನು ತಾವೇ ಓದುವ ಅಭ್ಯಾಸ ಅವರಿಗಿರಲಿಲ್ಲ.

ಅನುದಾನ ಬಂತು. ಅದರ ಜೊತೆಗೆ, ನಾವು ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಇನ್ನೊಂದು ಬಂತು. ಜಪಾನಿನಿಂದ ಒಬ್ಬ ಅಧ್ಯಾಪಕಿ. ಅರವತ್ತರ ಹತ್ತಿರದ ಸಣ್ಣ ಜೀವ. ಬಂದ ದಿನವೇ ನಮಗೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸಿ, "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ತರಗತಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸೇತುವೆ ಸರ್ ಮುಖ ಬಿಳಿಚಿಕೊಂಡಿತು.

ಮರುದಿನ ಹತ್ತಕ್ಕೆ ಹತ್ತು ಜನರೂ ಕುರ್ಚಿಗಳಲ್ಲಿ ಕೂತಿದ್ದೆವು. ಮಾಲಿ ಕೈಗೆ ಅಂಟಿದ ಮಣ್ಣನ್ನೂ ತೊಳೆಯದೆ ಬಂದು ಕೂತಿದ್ದ. ಚಾಲಕ ಹತ್ತು ನಿಮಿಷಕ್ಕೆ ಗೊರಕೆ ಶುರುಮಾಡಿದ. ಅಧ್ಯಾಪಕಿ ಅವನ ಪಕ್ಕದ ಕಿಟಕಿ ಮುಚ್ಚಿ, ಅವನಿಗೆ ಬಿಸಿಲು ಬೀಳದ ಹಾಗೆ ಮಾಡಿ ಪಾಠ ಮುಂದುವರಿಸಿದರು. ಎರಡನೇ ವಾರಕ್ಕೆ ಚಾಲಕನಿಗೆ ಸೇತುವೆ ಸರ್ ಮನೆಯ ಸಾಮಾನು ತರುವ ಕೆಲಸ ಬಂತು. ಮಾಲಿಗೆ ಹುಲ್ಲು ಕತ್ತರಿಸುವುದಿತ್ತು. ನಾನು ಮೂರನೇ ವಾರ ಕಾಲಿಗೆ ಬುದ್ಧಿ ಹೇಳಿದೆ. ಒಂದೊಂದು ಅಕ್ಷರಕ್ಕೂ ಹದಿನಾಲ್ಕು ಗೆರೆ ಎಳೆಯುವ ತಾಳ್ಮೆ ನನ್ನ ವಂಶದಲ್ಲೇ ಇಲ್ಲ. ನಿಜವಾದ ವಿದ್ಯಾರ್ಥಿಗಳಿಬ್ಬರೂ ಬೇರೆ ಕಡೆ ಸೀಟು ಸಿಕ್ಕಿತೆಂದು ಹೋದರು. ಹಾಜರಿ ಪುಸ್ತಕದಲ್ಲಿ ಮಾತ್ರ ಹತ್ತೂ ಜನ ಎರಡು ವರ್ಷ ತಪ್ಪದೆ ಬಂದೆವು. ಆ ಹಾಜರಿಯ ಕೆಳಗೆ ಸೇತುವೆ ಸರ್ ಸಹಿ ಇದೆ.

ಉಳಿದದ್ದು ಪಟ್ಟಿಯ ಏಳನೆಯವರೊಬ್ಬರೇ. ಅಕ್ಕ ದಿನವೂ ಹತ್ತಕ್ಕೆ ಟೈಪ್‌ರೈಟರಿಗೆ ಬಟ್ಟೆ ಹೊದಿಸಿ ಎದ್ದು ಹೋಗುತ್ತಿದ್ದರು. ಮೂವತ್ತು ಕುರ್ಚಿಯ ಕೋಣೆಯಲ್ಲಿ ಆ ಅಧ್ಯಾಪಕಿ ಒಬ್ಬರೇ ಒಬ್ಬರಿಗೆ ಎದ್ದು ನಿಂತು, ಬಗ್ಗಿ ನಮಸ್ಕರಿಸಿ, ಬೋರ್ಡಿನ ಮೇಲೆ ಬರೆದು, ಪೂರ್ತಿ ಒಂದು ಗಂಟೆ ಪಾಠ ಹೇಳುತ್ತಿದ್ದರು. ಅಕ್ಕ ಹಾಳಾದ ಅರ್ಜಿ ನಮೂನೆಗಳ ಹಿಂಬದಿಯಲ್ಲಿ ಅಕ್ಷರ ತಿದ್ದುತ್ತಿದ್ದರು. "ಬೇಜಾರಾಗಲ್ವಾ ಅಕ್ಕ?" ಎಂದು ನಾನು ಒಮ್ಮೆ ಕೇಳಿದೆ. "ನನ್ನೊಬ್ಬಳಿಗೋಸ್ಕರ ಒಬ್ರು ಇಷ್ಟು ದೂರ ಬಂದಿದಾರೆ ಕಣಪ್ಪ. ನಾನೂ ಹೋಗದೆ ಇದ್ರೆ ಅವರು ಯಾರಿಗೆ ಹೇಳ್ಬೇಕು?" ಎಂದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ತರಗತಿಗೆ ಹೋಗಲಿಲ್ಲ.

ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಅಕ್ಕ ಪಾಠ ಒಪ್ಪಿಸಿಕೊಳ್ಳುತ್ತಿದ್ದರಂತೆ. ಅವರತ್ತೆ ಮೊದಮೊದಲು, "ಯಾರನ್ನ ಬೈತಿದೀಯೇ?" ಎಂದು ಗದರಿಸುತ್ತಿದ್ದರು. ಆಮೇಲೆ ಅತ್ತೆಗೇ ಬಾಯಿಪಾಠವಾಗಿ, ಸೊಸೆ ನಡುವೆ ಎಲ್ಲಾದರೂ ನಿಂತರೆ ಒಳಗಿನಿಂದ ಮುಂದಿನ ಪದ ಹೇಳಿಕೊಡುವ ಹಾಗಾಯಿತು. ಅರ್ಥ ಮಾತ್ರ ಏನೆಂದು ಗೊತ್ತಿರಲಿಲ್ಲ.

ಎರಡು ವರ್ಷಕ್ಕೆ ಅಧ್ಯಾಪಕಿ ಊರಿಗೆ ಹೋದರು. ಅವರ ಹಿಂದೆಯೇ ನಲವತ್ತು ಪೆಟ್ಟಿಗೆ ಪುಸ್ತಕ ಕೇಂದ್ರಕ್ಕೆ ಉಡುಗೊರೆಯಾಗಿ ಬಂತು. ನಾನು ಮುತುವರ್ಜಿಯಿಂದ ಚೀಟಿ ಅಂಟಿಸಿ ಜೋಡಿಸಿದೆ. ಒಂದು ದಿನ ಅಕ್ಕ ಬಂದು ಕಪಾಟಿನ ಮುಂದೆ ಕತ್ತು ಓರೆ ಮಾಡಿಕೊಂಡು ನಿಂತರು. "ಎಲ್ಲ ತಲೆಕೆಳಗಾಗಿದೆ ಕಣಪ್ಪ" ಎಂದರು, ತೀರ ಮೆಲ್ಲಗೆ. ಆ ಹೊತ್ತಿಗೆ ಅವು ತಲೆಕೆಳಗಾಗಿ ನಿಂತು ಏಳು ತಿಂಗಳಾಗಿತ್ತು. ಆ ನಡುವೆ ಇಬ್ಬರು ಪ್ರೊಫೆಸರುಗಳು ಆ ಕಪಾಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದರು.

ಅಲ್ಲಿಂದ ಮುಂದಿನ ಆರು ವರ್ಷ ಕೇಂದ್ರವನ್ನು ಎತ್ತಿ ಹಿಡಿದದ್ದು ಅಕ್ಕ. ಅದಕ್ಕೂ ಕಾರಣ ಸೇತುವೆ ಸರ್ ಅವರ ಬಡಾಯಿಯೇ. 'ನಮ್ಮ ಕೇಂದ್ರದ ಸಮಸ್ತ ವ್ಯವಹಾರ ಜಪಾನಿ ಭಾಷೆಯಲ್ಲೇ ನಡೆಯುತ್ತದೆ' ಎಂದು ಒಂದು ವರದಿಯಲ್ಲಿ ಜಂಭ ಕೊಚ್ಚಿಕೊಂಡಿದ್ದರು. ಪ್ರತಿಷ್ಠಾನದವರು ನಂಬಿದರು. ಪಾಪದ ಜನ. ಅಂದಿನಿಂದ ಅವರ ಪತ್ರಗಳೆಲ್ಲ ಜಪಾನಿ ಭಾಷೆಯಲ್ಲೇ ಬರತೊಡಗಿದವು. ಫೋನಿನಲ್ಲಿ ಫೋಟೋ ಹೊಡೆದರೆ ಅರ್ಥ ಬರುವ ಕಾಲ ಅದಲ್ಲ. ಪತ್ರ ಬಂದ ಕೂಡಲೇ ಸೇತುವೆ ಸರ್ ಬಾಗಿಲು ಹಾಕಿಸಿ, ಅಕ್ಕನನ್ನು ಕರೆಸಿ, ಓದಿಸಿ ಕೇಳುತ್ತಿದ್ದರು. ಆಮೇಲೆ ಬಾಗಿಲು ತೆಗೆದು ಸಹೋದ್ಯೋಗಿಗಳಿಗೆ, "ಈಗ ತಾನೇ ಓದ್ದೆ, ಬಹಳ ಸೊಗಸಾದ ಭಾಷೆ" ಎನ್ನುತ್ತಿದ್ದರು. ವಿನಿಮಯ ಕಾರ್ಯಕ್ರಮದ ಹೆಸರಿನಲ್ಲಿ ನಾಲ್ಕು ಸಲ ಜಪಾನಿಗೆ ಹೋಗಿಬಂದರು. ಪ್ರತಿ ಸಲವೂ ಅಕ್ಕನಿಗೊಂದು ಕೀಲಿ ಗೊಂಚಲಿನ ಬಿಲ್ಲೆ ತಂದುಕೊಟ್ಟರು. ಅಕ್ಕನ ಮನೆಗೆ ಇದ್ದದ್ದೇ ಒಂದು ಬೀಗ.

ಎಂಟನೇ ವರ್ಷ ಬಂದ ಒಂದು ಪತ್ರವನ್ನು ಓದುತ್ತಾ ಅಕ್ಕ ನಡುವೆ ನಿಂತುಬಿಟ್ಟರಂತೆ. "ಏನಮ್ಮ, ಅರ್ಥ ಆಗ್ಲಿಲ್ವಾ?" ಎಂದು ಸೇತುವೆ ಸರ್ ಕೇಳಿದರು. ಅರ್ಥವಾಗಿತ್ತು. ಕೇಂದ್ರದ ಏಳನೇ ಸಂಖ್ಯೆಯ ವಿದ್ಯಾರ್ಥಿನಿಯನ್ನು ಹತ್ತು ತಿಂಗಳ ವ್ಯಾಸಂಗಕ್ಕೆ ಕರೆಸಿಕೊಳ್ಳಲು ಬಯಸುತ್ತೇವೆ, ಅವರ ಶ್ರದ್ಧೆಯ ಬಗ್ಗೆ ನಮ್ಮ ಅಧ್ಯಾಪಕಿ ಹೇಳಿದ್ದಾರೆ, ಖರ್ಚೆಲ್ಲ ನಮ್ಮದು, ನಿರ್ದೇಶಕರು ಒಪ್ಪಿಗೆ ಕಳಿಸಿದರೆ ಸಾಕು ಎಂದಿತ್ತು. ಅಕ್ಕ ಅದನ್ನು ಒಂದಕ್ಷರ ಬಿಡದೆ ಓದಿ ಹೇಳಿದರು.

ಸೇತುವೆ ಸರ್ ಗಡ್ಡ ಕೆರೆದುಕೊಂಡರು. "ಹಾಗಂತ ಬರೆದಿದೆ ಅಂತ ಹೇಳೋಳು ನೀನು. ಸರಿ ಅಂತ ಹೇಳೋರು ಯಾರು?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಜಪಾನ್ ಅಧ್ಯಯನ ಕೇಂದ್ರದಲ್ಲಿ ಒಬ್ಬ ನಿರ್ದೇಶಕರು, ಇಬ್ಬರು ಪ್ರೊಫೆಸರು, ಮೂವರು ಸಂಶೋಧಕರು ಇದ್ದರು. ಆ ಒಂದು ಹಾಳೆ ಓದಬಲ್ಲವರು ಯಾರೂ ಇರಲಿಲ್ಲ. ಪತ್ರವನ್ನು ಪರಿಶೀಲನೆಗೆಂದು ಇನ್ನೊಂದು ವಿಶ್ವವಿದ್ಯಾಲಯದ ಜಪಾನ್ ಕೇಂದ್ರಕ್ಕೆ ಕಳಿಸಿದರು. ಮೂರು ವಾರದ ಮೇಲೆ ಅಲ್ಲಿಂದ ಉತ್ತರ ಬಂತು: 'ನಮ್ಮಲ್ಲಿ ಈ ಭಾಷೆ ಓದುವವರು ಸದ್ಯ ಇಲ್ಲ. ನಮ್ಮ ಪತ್ರಗಳನ್ನು ನಿಮ್ಮ ಕಚೇರಿಯ ಟೈಪಿಸ್ಟ್ ಅವರಿಗೇ ಕಳಿಸಿ ಓದಿಸಿಕೊಳ್ಳುತ್ತೇವೆ. ದಯವಿಟ್ಟು ಅವರನ್ನೇ ಕೇಳಿ.'

ಆ ಮೂರು ವಾರ ಅಕ್ಕನ ಮನೆಯಲ್ಲಿ ಏನೇನು ನಡೆಯಿತೆಂದು ಅವರೇ ಹೇಳಿದ್ದಾರೆ. ಗಂಡ ಎರಡನೇ ದಿನ ಎಲ್ಲಿಂದಲೋ ಒಂದು ಹಳೆಯ ಸೂಟ್‌ಕೇಸ್ ತಂದು ಅದರ ಬೀಗ ರಿಪೇರಿಗೆ ಕೂತರು. ಅಕ್ಕ ಅತ್ತೆಯ ಮುಖ ನೋಡಿದರು. ಅತ್ತೆ, "ಹತ್ತು ತಿಂಗಳು ತಾನೆ? ನನ್ನ ಮಗನಿಗೆ ಅಡುಗೆ ಬರುತ್ತೆ, ನಾನೇ ಕಲಿಸಿದೀನಿ. ನಿನಗೆ ತೋರಿಸಿಲ್ಲ ಅಷ್ಟೇ. ಹೋಗು" ಎಂದರು. ಹದಿನೈದು ವರ್ಷದಿಂದ ಈ ಗುಟ್ಟು ಮುಚ್ಚಿಟ್ಟ ಗಂಡ ತಲೆ ಎತ್ತದೆ ಬೀಗಕ್ಕೆ ಎಣ್ಣೆ ಬಿಡುತ್ತಿದ್ದರಂತೆ.

ಇತ್ತ ಸೇತುವೆ ಸರ್ ಅವರಿಗೆ ಬಿಕ್ಕಟ್ಟು. ಅಕ್ಕ ವಿದ್ಯಾರ್ಥಿನಿ ಎಂದು ಬರೆದುಕೊಟ್ಟರೆ, ಕಚೇರಿಯ ಟೈಪಿಸ್ಟ್ ವಿದ್ಯಾರ್ಥಿನಿ ಹೇಗಾದಳು, ಉಳಿದ ಒಂಬತ್ತು ಜನ ಎಲ್ಲಿ ಎಂದು ಯಾರಾದರೂ ಕೇಳುತ್ತಾರೆ. ಅಲ್ಲವೆಂದು ಬರೆದರೆ ಎಂಟು ವರ್ಷದ ವರದಿಗಳೆಲ್ಲ ಸುಳ್ಳಾಗುತ್ತವೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು: ಅಕ್ಕ ಹೋದರೆ ಬರುವ ಪತ್ರಗಳನ್ನು ಓದುವವರು ಯಾರು? ಕೊನೆಗೆ ಅಕ್ಕನನ್ನು ಕೂರಿಸಿಕೊಂಡು ಉತ್ತರ ಹೇಳಿ ಬರೆಸಿದರು. 'ವಿದ್ಯಾರ್ಥಿನಿಯು ಕೌಟುಂಬಿಕ ಕಾರಣಗಳಿಂದ ಬರಲಾಗುತ್ತಿಲ್ಲವೆಂದು ವಿಷಾದಿಸುತ್ತಾರೆ. ಬದಲಿಗೆ, ಮುಂದಿನ ವರ್ಷದ ನಿಮ್ಮ ಸಮಾವೇಶಕ್ಕೆ ನಾನೇ ಬಂದು ಸಂಬಂಧ ಗಟ್ಟಿಗೊಳಿಸಲು ಸಿದ್ಧನಿದ್ದೇನೆ.'

ಅಕ್ಕ ಅದನ್ನು ಜಪಾನಿಗೆ ತಿರುಗಿಸಿದರು, ಅಂದವಾದ ಅಕ್ಷರದಲ್ಲಿ ಬರೆದರು, ಸಹಿಗೆ ಇಟ್ಟರು. ಯಾಕೆ ಬರೆದರೆಂದು ನೀವು ಕೇಳಬಹುದು. ನಾನೂ ಕೇಳಿದೆ. "ಸಂಬಳ ಕೊಡೋದು ಟೈಪ್ ಮಾಡೋದಕ್ಕೆ" ಎಂದಷ್ಟೇ ಹೇಳಿದರು. ಅವತ್ತು ಮಧ್ಯಾಹ್ನ ಅವರು ಊಟದ ಡಬ್ಬಿ ತೆಗೆಯಲಿಲ್ಲ. ನಾನು ಸೇತುವೆ ಸರ್ ಕೋಣೆಗೆ ನುಗ್ಗಿ ನಾಲ್ಕು ಮಾತು ಕೇಳಬೇಕೆಂದು ಎದ್ದವನು, ಬಾಗಿಲವರೆಗೆ ಹೋಗಿ, ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲೇ ಇರುವುದು ನೆನಪಾಗಿ ವಾಪಸ್ ಬಂದು ಕೂತೆ. ಇದನ್ನೂ ಬರೆದುಬಿಡುತ್ತೇನೆ, ಇನ್ನೊಬ್ಬರನ್ನು ಮಾತ್ರ ಆಡಿಕೊಂಡೆ ಎನ್ನುವುದು ಬೇಡ.

ಅಕ್ಕನ ಅತ್ತೆ ಮಾತ್ರ ಸುಮ್ಮನಿರಲಿಲ್ಲ. "ಕೌಟುಂಬಿಕ ಕಾರಣ ಅಂದ್ರೆ ಯಾರೇ? ಕುಟುಂಬ ಅಂದ್ರೆ ನಾನೇ ತಾನೆ? ನಾನು ಯಾವಾಗ ಬೇಡ ಅಂದೆ?" ಎಂದು ಎರಡು ದಿನ ಮನೆಯೆಲ್ಲ ಕೇಳಿಸುವ ಹಾಗೆ ಗೊಣಗಿದರಂತೆ. ದೂರದ ದೇಶದ ಕಾಗದದಲ್ಲಿ ತಮ್ಮ ಮೇಲೆ ಇಂಥ ಅಪವಾದ ಬಂತಲ್ಲ ಎಂಬುದು ಆ ಮುದುಕಿಯ ಸಂಕಟ.

ಮರುವರ್ಷ ಸಮಾವೇಶಕ್ಕೆ ಸೇತುವೆ ಸರ್ ಅವರಿಗೆ ಆಹ್ವಾನ ಬಂತು. ಐದು ನಿಮಿಷ ಮಾತಾಡಬೇಕು, ಜಪಾನಿಯಲ್ಲೇ ಆದರೆ ಸಂತೋಷ ಎಂದಿತ್ತು. ಅಕ್ಕನಿಗೆ ಬುಲಾವ್ ಹೋಯಿತು. ಬಾಗಿಲು ತೆರೆದೇ ಇದ್ದುದರಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಒಂದು ಭಾಷಣ ಬರ್ಕೊಡಮ್ಮ. ನಮ್ಮಕ್ಷರದಲ್ಲಿ, ನಾನು ಓದೋ ಹಾಗೆ."

"ಏನು ಬರೀಲಿ ಸರ್?"

"ಕೇಂದ್ರದ ಬಗ್ಗೆ ಬರಿ. ನಾವು ಹೇಗೆ ಕೆಲಸ ಮಾಡ್ತೀವಿ, ಎಷ್ಟು ಕಷ್ಟಪಟ್ವಿ, ಅದೆಲ್ಲ. ಉತ್ಪ್ರೇಕ್ಷೆ ಬೇಡ. ಆ ಜನಕ್ಕೆ ವಿನಯ ಅಂದ್ರೆ ಇಷ್ಟ. ನಡೆದದ್ದನ್ನೇ ಬರಿ."

"ನಡೆದದ್ದನ್ನೇ ಬರೀಲಾ ಸರ್?"

"ಎಷ್ಟು ಸಲ ಹೇಳ್ಬೇಕಮ್ಮ?"

ಅಕ್ಕ ಎರಡು ದಿನ ತೆಗೆದುಕೊಂಡರು. ಮೇಲಿನ ಹಾಳೆಯಲ್ಲಿ ಭಾಷಣ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದಕ್ಕೆ ಗೆರೆ, ಎಲ್ಲಿ ಬಗ್ಗಿ ನಮಸ್ಕರಿಸಬೇಕು ಎಂಬುದಕ್ಕೆ ಕೆಂಪು ಚುಕ್ಕೆ. ಕೆಳಗಿನ ಹಾಳೆಯಲ್ಲಿ ಅದರ ಅರ್ಥ. ಎರಡನ್ನೂ ಪಿನ್ ಮಾಡಿ, ಒಳಗೆ ಕೊಡುವ ಮೊದಲು ನನ್ನ ಮುಂದಿಟ್ಟು, "ತಪ್ಪೇನಾದ್ರೂ ಇದ್ರೆ ಹೇಳಪ್ಪ" ಎಂದರು. ನಾನು ಅರ್ಥದ ಹಾಳೆ ಓದಿದೆ.

'ಮಾನ್ಯರೇ, ನನಗೆ ನಿಮ್ಮ ಭಾಷೆ ಬರುವುದಿಲ್ಲ. ಬೇರೊಬ್ಬರು ನಮ್ಮ ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ಓದುತ್ತಿದ್ದೇನೆ. ನಮ್ಮ ಹತ್ತು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹೆಸರಿಗೆ ಮಾತ್ರ ಇದ್ದವರು. ನೀವು ಕಳಿಸಿದ ಅಧ್ಯಾಪಕಿ ಎರಡು ವರ್ಷ ನಮ್ಮ ಕಚೇರಿಯ ಟೈಪಿಸ್ಟ್ ಒಬ್ಬಳಿಗೇ ಪಾಠ ಹೇಳಿದರು. ನಿಮ್ಮ ಪತ್ರಗಳನ್ನು ಓದುವವಳೂ ಉತ್ತರ ಬರೆಯುವವಳೂ ಅವಳೇ. ಕಳೆದ ವರ್ಷ ನೀವು ಅವಳನ್ನು ಕರೆದಿರಿ. ಅವಳಿಗೆ ಕೌಟುಂಬಿಕ ಕಾರಣ ಯಾವುದೂ ಇರಲಿಲ್ಲ. ಅವಳ ಅತ್ತೆ ಹೋಗು ಎಂದಿದ್ದರು. ನಾನು ಕಳಿಸಲಿಲ್ಲ. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಅವಳನ್ನು ಇನ್ನೊಮ್ಮೆ ಕರೆಯಿರಿ.'

ನಾನು ಹಾಳೆಯನ್ನು ಬೋರಲು ಹಾಕಿದೆ. "ಅಕ್ಕ, ಇದನ್ನ ಕೊಡ್ತೀರಾ?"

"ನಡೆದದ್ದನ್ನೇ ಬರಿ ಅಂದ್ರು. ಇದರಲ್ಲಿ ನಡೀದೇ ಇರೋದು ಯಾವ್ದಿದೆ ಹೇಳು."

"ಓದಿದ್ರೆ ಕೆಲಸ ಹೋಗುತ್ತೆ."

"ಓದ್ಲಿ ಅಂತಾನೇ ಅರ್ಥ ಹಚ್ಚಿರೋದು. ಓದಿ, ಇದು ಬೇಡ, ಬೇರೆ ಬರಿ ಅಂದ್ರೆ ಬೇರೆ ಬರ್ಕೊಡ್ತೀನಿ. ಮೋಸ ಮಾಡೋಕೆ ನಂಗೆ ಬರಲ್ಲ" ಎಂದು ಒಳಗೆ ಹೋದರು.

"ಅರ್ಥ ಕೆಳಗಿದೆ ಸರ್, ಒಂದ್ಸಲ ನೋಡ್ಬಿಡಿ" ಎಂದು ಅವರು ಹೇಳಿದ್ದು ನನ್ನ ಎರಡು ಕಿವಿಯಿಂದ ಕೇಳಿದ್ದೇನೆ. "ನೀನು ಬರೆದ ಮೇಲೆ ನೋಡೋದೇನಿದೆ" ಎಂದ ಸೇತುವೆ ಸರ್ ಪಿನ್ ಕಿತ್ತು, ಮೇಲಿನ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಕೆಳಗಿನದನ್ನು ಮೇಜಿನ ಮೇಲಿನ ಕಡತಗಳ ರಾಶಿಗೆ ಎಸೆದರು. ಹೊರಡುವ ಮೊದಲು ಎರಡು ವಾರ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ತಪ್ಪಾದ ಉಚ್ಚಾರಣೆಯನ್ನು ಅಕ್ಕ ದಿನಾ ತಿದ್ದುತ್ತಿದ್ದರು. ದಿನಾ ಒಂದು ಸಲ, "ಅರ್ಥ ನೋಡಿದ್ರಾ ಸರ್?" ಎಂದೂ ಕೇಳುತ್ತಿದ್ದರು. ಕೊನೆಕೊನೆಗೆ ಅವರು ಸಿಡುಕಿದರು. ಅಕ್ಕ ಕೇಳುವುದನ್ನು ಬಿಟ್ಟರು.

ಆ ಭಾಷಣದ ಸಿ.ಡಿ. ಆಮೇಲೆ ಕೇಂದ್ರಕ್ಕೆ ಬಂತು. ನನ್ನ ಗ್ರಂಥಾಲಯದಲ್ಲೇ ಇದೆ. ಸೇತುವೆ ಸರ್ ಎದೆಯ ಮೇಲೆ ಕೈ ಇಟ್ಟುಕೊಂಡು, ಗಂಟಲು ತುಂಬಿ ಬಂದವರ ಹಾಗೆ ಓದುತ್ತಾರೆ. ಕೆಂಪು ಚುಕ್ಕೆ ಬಂದಾಗಲೆಲ್ಲ ಬಗ್ಗುತ್ತಾರೆ. ಸಭೆಯಲ್ಲಿ ಮೊದಲು ಸಣ್ಣ ಗುಸುಗುಸು, ಆಮೇಲೆ ಪೂರ್ತಿ ನಿಶ್ಶಬ್ದ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುವುದು ಕಾಣಿಸುತ್ತದೆ; ನಮ್ಮ ಅಧ್ಯಾಪಕಿಯೇ ಅವರು. ಮುಗಿದಾಗ ಸಭೆಯೆಲ್ಲ ಎದ್ದು ನಿಂತಿತು. ಸೇತುವೆ ಸರ್ ಊರಿಗೆ ಬಂದವರೇ ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು. ವಿಶ್ವವಿದ್ಯಾಲಯದ ವಾರ್ತಾಪತ್ರದಲ್ಲಿ 'ಎದ್ದು ನಿಂತ ಜಪಾನ್' ಎಂಬ ಶೀರ್ಷಿಕೆಯಲ್ಲಿ ಫೋಟೋ ಬಂತು. ಕುಲಪತಿಗಳು ಶಾಲು ಹೊದಿಸಿದರು. ಎಷ್ಟು ಜನ ಚಪ್ಪಾಳೆ ತಟ್ಟಿದೆವು ಆವತ್ತು. ನಾನಂತೂ ಕೈ ಕೆಂಪಾಗುವವರೆಗೆ ತಟ್ಟಿದೆ.

ಶಾಲು ಹೊದಿಸಿದ ಹತ್ತನೇ ದಿನ ಪ್ರತಿಷ್ಠಾನದ ಪತ್ರ ಬಂತು. ಈ ಸಲ ಇಂಗ್ಲಿಷಿನಲ್ಲಿತ್ತು, ಕುಲಪತಿಗಳಿಗೂ ಒಂದು ಪ್ರತಿ ಹೋಗಿತ್ತು. 'ಇಷ್ಟು ದೊಡ್ಡ ಸಭೆಯಲ್ಲಿ ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡು ಕ್ಷಮೆ ಕೇಳಿದ ನಿರ್ದೇಶಕರನ್ನು ನಾವು ಈವರೆಗೆ ಕಂಡಿರಲಿಲ್ಲ. ತಾವು ಕೋರಿಕೊಂಡ ಪ್ರಕಾರ ಟೈಪಿಸ್ಟ್ ಅವರಿಗೆ ಈ ವರ್ಷದ ಸ್ಥಾನ ಕಾದಿರಿಸಿ, ವಿಮಾನದ ಟಿಕೆಟ್ ಲಗತ್ತಿಸಿದ್ದೇವೆ. ಮುಂದಿನ ಅನುದಾನದ ಬಗ್ಗೆ ಅವರು ಬಂದ ಮೇಲೆ ಯೋಚಿಸುತ್ತೇವೆ.' ಅದರ ಕೆಳಗೆ ಕುಲಪತಿಗಳು, 'ನಿಮ್ಮ ದೊಡ್ಡತನಕ್ಕೆ ಅಭಿನಂದನೆ, ಕೂಡಲೇ ರಜೆ ಮಂಜೂರು ಮಾಡಿ' ಎಂದು ಷರಾ ಬರೆದಿದ್ದರು.

ಸೇತುವೆ ಸರ್ ಅಕ್ಕನನ್ನು ಕರೆದರು. ಅಕ್ಕ ರಜೆಯ ಅರ್ಜಿ ಟೈಪ್ ಮಾಡಿಕೊಂಡೇ ಒಳಗೆ ಹೋದರು. ನಾನು ಯಾವುದೋ ಕಡತ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ.

"ಏನು ಬರ್ಕೊಟ್ಟಿದ್ದೆ ನೀನು ನನಗೆ?" ಎಂದು ಪ್ರತಿಷ್ಠಾನದ ಪತ್ರವನ್ನು ಮುಂದೆ ತಳ್ಳಿದರು.

ಅಕ್ಕ ಕಡತಗಳ ರಾಶಿಯ ಅಡಿಯಿಂದ ಆ ಹಾಳೆ ಎಳೆದು ಮುಂದಿಟ್ಟರು. ಸೇತುವೆ ಸರ್ ಓದಿದರು. ಕುಲಪತಿಗಳ ಷರಾ ಇನ್ನೊಮ್ಮೆ ನೋಡಿದರು. ತಾವು ಹೇಳಿದ್ದು ತಮಗೇ ತಿಳಿದಿರಲಿಲ್ಲ ಎಂದರೆ ಜಪಾನ್ ಪಾಂಡಿತ್ಯ ಹೋಯಿತು. ತಿಳಿದೇ ಹೇಳಿದೆ ಎಂದರೆ ಅಕ್ಕ ಹೋಗಲೇಬೇಕು. ಒಂದು ಲೋಟ ನೀರು ಕುಡಿದು, ಪೆನ್ನು ತೆಗೆದು, ಅರ್ಜಿಗೆ ಸಹಿ ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ನನಗೆ ಬಡ್ತಿ ಸಿಕ್ಕಿದ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಅರ್ಜಿಯನ್ನು ಕೈಗೆ ಕೊಡುವಾಗ ಅವರು ತಗ್ಗಿದ ಧ್ವನಿಯಲ್ಲಿ, ಮೊದಲ ಸಲ ಅಕ್ಕನಿಗೆ ಬಹುವಚನ ಹಚ್ಚಿ ಕೇಳಿದರು. "ಹತ್ತು ತಿಂಗಳು ನೀವಿರಲ್ಲ. ಪತ್ರ ಬಂದ್ರೆ ನಾನೇನು ಮಾಡ್ಲಿ?"

ಅಕ್ಕನ ಮುಖದಲ್ಲಿ ಗೆದ್ದ ಕುರುಹು ಏನೂ ಇರಲಿಲ್ಲ. ಕೇಳಿದವರಿಗೆ ದಾರಿ ಹೇಳುವ ಹಾಗೆ ಸಹಜವಾಗಿ ಹೇಳಿದರು.

"ಕಲಿತ್ಕೊಳ್ಳಿ ಸರ್. ದಿನಕ್ಕೆ ಒಂದು ಗಂಟೆ ಕೂತ್ರೆ ಸಾಕು, ಎರಡು ವರ್ಷಕ್ಕೆ ಬಂದುಬಿಡುತ್ತೆ."